ಏರ್‌ಬ್ಯಾಗ್ ಇದೆಯೇ, ಅನ್ಸೆಲ್ಮೊ?

ಅನ್ಸೆಲ್ಮೊ ತಿಕೋನಾನ ನೆಮ್ಮದಿ ಕೆಡಿಸಿದ್ದು ಒಂದು ನಿಮಿಷದ ವಿಡಿಯೊ. ಅವನು ಹನ್ನೊಂದು ದಿನದ ಹಿಂದೆ ಕೊಂಡಂಥದೇ ಪುಟ್ಟ ಕೆಂಪು ಹ್ಯಾಚ್‌ಬ್ಯಾಕ್ ಅದರಲ್ಲಿ ಓಡಿಬಂದು ಗೋಡೆಗೆ ಗುದ್ದಿತು. ಒಳಗೆ ಕೂರಿಸಿದ್ದ ಬೊಂಬೆಯ ತಲೆ ಸ್ಟೀರಿಂಗಿಗೆ ಬಡಿಯಿತು. ಆಮೇಲೆ ಪರದೆಯ ಮೇಲೆ ಸುರಕ್ಷತೆಗೆ ಅಂಕ ಹಾಕುವ ಐದು ನಕ್ಷತ್ರಗಳು ಮೂಡಿದವು, ಐದೂ ಖಾಲಿ. ತೋರಿಸಿದವನು ಪಕ್ಕದ ಮನೆಯ ಟೈರಂಗಡಿ ಕಸಿಮಿರೊ. ತೋರಿಸಿದ್ದು ಅನ್ಸೆಲ್ಮೊಗಲ್ಲ, ಅವನ ಹೆಂಡತಿ ಬೆನಿಗ್ನಾಗೆ.

"ಅದು ಏರ್‌ಬ್ಯಾಗ್ ಇಲ್ಲದ ಅಗ್ಗದ ಮಾಡೆಲ್ಲು," ಎಂದ ಅನ್ಸೆಲ್ಮೊ. "ನಮ್ಮದ್ರಲ್ಲಿದೆ. ಶೋರೂಮಿನವನು ಆಣೆ ಇಟ್ಟು ಹೇಳಿದಾನೆ."

"ಎಲ್ಲಿ, ತೋರ್ಸು."

"ತೋರ್ಸೋ ವಸ್ತು ಅಲ್ಲ ಕಣೆ ಅದು. ಗುದ್ದಿದಾಗ ತಾನೇ ಆಚೆ ಬರುತ್ತೆ."

"ಸರಿ, ಬಂದಮೇಲೆ ಹೇಳು. ಆಗ ಹತ್ತಿ ಕೂತ್ಕೋತೀನಿ."

ಪಾಪ, ಶೋರೂಮಿನಲ್ಲಿ ಅನ್ಸೆಲ್ಮೊ ಕೇಳಿದ್ದು ಎರಡೇ ಪ್ರಶ್ನೆ: ಸ್ಪೀಕರ್ ಎಷ್ಟು, ಬಣ್ಣ ಮಾಸುತ್ತದೆಯೇ. ಕಾರು ಮಾಡುವವರಿಗೂ ಇಂಥ ಗಿರಾಕಿಗಳ ಅಳತೆ ಚೆನ್ನಾಗಿ ಗೊತ್ತು. ಎಂಟು ಸ್ಪೀಕರ್ ಕೊಟ್ಟಿದ್ದರು.

ಆದರೂ ಅವನಿಗೆ ಒಂದೇ ಒಂದು ಆಸೆಯಿತ್ತು. ಇಪ್ಪತ್ತು ವರ್ಷ ಮಿನಿಬಸ್ಸಿನಲ್ಲಿ ನಿಂತೇ ಓಡಾಡಿದ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೂಮಾಲೆ ಹಾಕಿದ ಕಾರಿನಲ್ಲಿ ಎಲ್ ಆಲ್ತೊ ಊರಿನ ತಮ್ಮ ಬೀದಿಗೆ ಬಂದಿಳಿಯಬೇಕು. ಅದಕ್ಕೇ ಆ ಶನಿವಾರ ಕೋಪಕಬಾನಾದ ಮಾತೆಯ ಗುಡಿಗೆ ಹೊರಟದ್ದು. ಹೊಸ ಗಾಡಿಗೆ ಅಲ್ಲಿ ಆಶೀರ್ವಾದ ಆಗದೆ ಯಾರೂ ಊರಲ್ಲಿ ಮೆರೆಯುವುದಿಲ್ಲ. ದೀಕ್ಷಾಸ್ನಾನದ ಮಗುವಿಗೆ ಬೇಕಾದಂತೆ ಗಾಡಿಗೂ ಒಬ್ಬ ಧರ್ಮಪಿತ ಬೇಕು. ಆ ಪಟ್ಟವನ್ನು ಕಸಿಮಿರೊ ಯಾರೂ ಕರೆಯುವ ಮೊದಲೇ ಏರಿ ಕುಳಿತು, ಅನ್ಸೆಲ್ಮೊನನ್ನು ನೆಂಟನಂತೆ 'ಕಂಪಾದ್ರೆ' ಎಂದು ಕರೆಯತೊಡಗಿದ್ದ.

ಬೆನಿಗ್ನಾ ಕಸಿಮಿರೊನ ಹಳೇ ಜೀಪು ಹತ್ತಿದಳು. ಅನ್ಸೆಲ್ಮೊ ಎಂಟು ಸ್ಪೀಕರ್ ಜತೆ ಒಂಟಿಯಾಗಿ ಹಿಂದೆ ಹೊರಟ.

ದಾರಿಯಲ್ಲಿ ತಿಕೀನಾ ಎಂಬಲ್ಲಿ ಸರೋವರ ದಾಟಬೇಕು. ಜನಕ್ಕೆ ದೋಣಿ, ಗಾಡಿಗಳಿಗೂ ಓಡಿಸುವವರಿಗೂ ಹಲಗೆಯ ತೆಪ್ಪ. ಪಕ್ಕದ ತೆಪ್ಪದಲ್ಲಿ ಜೀಪಿಗೆ ಒರಗಿ ನಿಂತ ಕಸಿಮಿರೊ ಕೂಗಿದ, "ಕಂಪಾದ್ರೆ, ಗಾಳಿ ಜೋರಾಗಿದೆ! ಕಾರನ್ನ ಗಟ್ಟಿಯಾಗಿ ಹಿಡ್ಕೊ, ಹಾರಿಹೋದೀತು!" ತೆಪ್ಪದವರೆಲ್ಲ ನಕ್ಕರು. ದೋಣಿಯಲ್ಲಿದ್ದ ಬೆನಿಗ್ನಾ ಕೂಡ ನಕ್ಕಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಗುಡಿಯ ಮುಂದಿನ ಇಳಿಜಾರಿನಲ್ಲಿ ಗಾಡಿಗಳ ಸಾಲು. ಬೆನಿಗ್ನಾ ದಾರಿಗೆಂದು ದಿಂಬಿನಷ್ಟು ದೊಡ್ಡ ಚೀಲದಲ್ಲಿ ಸಿಹಿ ಜೋಳದರಳು ಕೊಂಡಳು. ಅನ್ಸೆಲ್ಮೊ ಐದು ಬಂಗಾರದ ಬಣ್ಣದ ನಕ್ಷತ್ರ ಕೊಂಡು ಹಿಂದಿನ ಗಾಜಿಗೆ ಅಂಟಿಸಿದ.

"ಆರನೇದೂ ಅಂಟಿಸು," ಎಂದ ಕಸಿಮಿರೊ. "ಹೇಗೂ ಪರೀಕ್ಷೆ ಬರೆಯೋನೂ ನೀನೇ, ಅಂಕ ಹಾಕೋನೂ ನೀನೇ."

ಗುರುಗಳು ಬಂದು ಬಾನೆಟ್ಟಿಗೆ, ಎಂಜಿನ್ನಿಗೆ, ಸೀಟುಗಳಿಗೆ ತೀರ್ಥ ಚಿಮುಕಿಸಿದರು. ಅನ್ಸೆಲ್ಮೊ ಮೆಲ್ಲಗೆ, "ಗುರುಗಳೇ, ಸ್ಟೀರಿಂಗಿಗೆ ಇನ್ನೊಂದು ಸಲ," ಎಂದ. ಅವರು ಹಾಕಿದರು. ಧರ್ಮಪಿತನ ಸರದಿ ಬಂತು. ಕಸಿಮಿರೊ ಬಾಟಲಿಗಟ್ಟಲೆ ಬಿಯರ್ ಎರಚಿದ. ಚಕ್ರಕ್ಕೆ ಒಂದು ಪಾಲು, ನೆಲಕ್ಕೆ ಒಂದು ಪಾಲು, ಉಳಿದದ್ದೆಲ್ಲ ಅನ್ಸೆಲ್ಮೊನ ಬೂಟಿಗೆ. ಪಟಾಕಿ ಸರ ಹಚ್ಚಿದರು. ಮುಂದಿನ ಗಾಜಿನ ಮುಕ್ಕಾಲು ಪಾಲು ಮಾಲೆಗಳಲ್ಲಿ ಮುಚ್ಚಿಹೋಗಿತ್ತು.

"ಕಾರು ಮುಂದಕ್ಕೆ ತೆಗಿ, ಹಿಂದೆ ಲಾರಿ ಕಾಯ್ತಿದೆ!" ಎಂದು ಯಾರೋ ಕೂಗಿದರು.

ಅನ್ಸೆಲ್ಮೊ ಹತ್ತಿದ, ಗೇರ್ ಹಾಕಿದ. ಕಾರು ಇಳಿಜಾರಿನಲ್ಲಿ ಜಾರಿತು. ಬ್ರೇಕ್ ಮೇಲಿಟ್ಟ ಬೂಟು ಬಿಯರಿನಲ್ಲಿ ನುಣುಚಿ ಪಕ್ಕದ ಆಕ್ಸಿಲರೇಟರಿನ ಮೇಲೆ ಕೂತಿತು. ಹೂಗಳ ಸಂದಿಯಿಂದ ಅವನಿಗೆ ಕಂಡದ್ದು ಕಲ್ಲಿನ ಗೋಡೆ, ಅದೂ ತೀರಾ ಹತ್ತಿರದಲ್ಲಿ.

ಢಬಾರ್!

ಅದೂ ಪಟಾಕಿಯೇ ಎಂದುಕೊಂಡು ಜನ ಚಪ್ಪಾಳೆ ಹೊಡೆದರು.

ಬಾಗಿಲು ತೆರೆಯಿತು. ಮುಖಕ್ಕೆಲ್ಲ ಬಿಳಿ ಪುಡಿ, ಮೂಗಿನಲ್ಲಿ ರಕ್ತ, ಕಣ್ಣಿನಲ್ಲಿ ಹೇಳಲಾರದ ಸಂತೋಷ. ಅನ್ಸೆಲ್ಮೊ ಹೊರಗೆ ಬಿದ್ದು ಎದ್ದ. "ಬೆನಿಗ್ನಾ! ಇದೆ ಕಣೇ! ಬಂದು ನೋಡು, ಇದೆ!"

ಬೆನಿಗ್ನಾ ಓಡಿಬಂದಳು. ಸ್ಟೀರಿಂಗಿನಿಂದ ಜೋತುಬಿದ್ದ ಬಿಳಿ ಚೀಲವನ್ನು ನೋಡಿದಳು. ಶಾಲಿನ ಅಂಚಿನಿಂದ ಗಂಡನ ಮೂಗು ಒರೆಸಿದಳು. "ಬದುಕಿದೆಯಲ್ಲ, ದೇವರು ದೊಡ್ಡವನು," ಎಂದಳು. "ಒಪ್ಪಿದೆ. ನೀನು ಹೇಳಿದ್ದು ನಿಜ."

ಅನ್ಸೆಲ್ಮೊ ಎದೆಯುಬ್ಬಿಸಿ ಆಚೆ ಬದಿಯ ಬಾಗಿಲು ತೆರೆದ. "ಹಾಗಾದ್ರೆ ಹತ್ತು."

ಬೆನಿಗ್ನಾ ಒಂದು ಕಾಲು ಒಳಗಿಟ್ಟು ನಿಂತಳು. ಗುದ್ದಿದ ಏಟಿಗೆ ಅವಳ ಸೀಟಿನ ಮುಂದಿನ ಮುಚ್ಚಳ ಕಳಚಿ ಬಿದ್ದಿತ್ತು. ಅದರ ಹಿಂದೆ ಏರ್‌ಬ್ಯಾಗಿಗೆಂದೇ ಮಾಡಿದ ಗೂಡು. ಅವಳು ಕೈ ಹಾಕಿ ತಡಕಿದಳು. ಮೊಣಕೈವರೆಗೆ ಹೋಯಿತು. ಗೂಡಿನಲ್ಲಿ ಏನೂ ಇರಲಿಲ್ಲ.

"ಅನ್ಸೆಲ್ಮೊ, ಎಷ್ಟಿದೆ ಅಂದಿದ್ದ ಶೋರೂಮಿನವನು?"

"ಎಷ್ಟು ಅಂತ... ನಾನು ಕೇಳ್ಲಿಲ್ಲ."

"ಸ್ಪೀಕರ್ ಎಷ್ಟು ಅಂತ ಮಾತ್ರ ಕೇಳಿದ್ಯಲ್ಲ."

ಅವಳು ಜೋಳದರಳಿನ ಚೀಲವನ್ನು ಆ ಗೂಡಿಗೆ ತುರುಕಿದಳು. ಅಳತೆ ತೆಗೆದು ಹೊಲಿಸಿದಂತೆ ಕೂತಿತು. "ತಗೊ, ಇದನ್ನ ಕೂರಿಸ್ಕೊಂಡು ಬಾ," ಎಂದು ಬಾಗಿಲು ಹಾಕಿ, ಹೋಗಿ ಜೀಪಿನಲ್ಲಿ ಕುಳಿತಳು.

ಕಾರು ತಾನಾಗಿ ಹೊರಡುವ ಸ್ಥಿತಿಯಲ್ಲಿರಲಿಲ್ಲ. ಧರ್ಮಪಿತನೇ ಹಗ್ಗ ಕಟ್ಟಿದ. ಹೀಗೆ ಅನ್ಸೆಲ್ಮೊ ಹೂಮಾಲೆ ಹಾಕಿದ ಕಾರಿನಲ್ಲಿ ಕೂತು, ಜೀಪಿನ ಹಿಂದೆ ಕರುವಿನಂತೆ ಎಳೆಸಿಕೊಂಡು ತನ್ನ ಬೀದಿ ಸೇರಿದ. ನೋಡಲು ಬೀದಿಯವರೆಲ್ಲ ಹೊರಗೆ ಬಂದಿದ್ದರು. ಎಂಟು ಸ್ಪೀಕರುಗಳೂ ಚೆನ್ನಾಗಿ ಹಾಡುತ್ತಿದ್ದವು, ಹಿಂದಿನ ಗಾಜಿನ ಐದು ನಕ್ಷತ್ರಗಳಿಗೂ ಏನೂ ಆಗಿರಲಿಲ್ಲ.