ಹೋಗೂ ಮೊದಲ ಬಂದಾಕಿ

ನಮ್ಮೂರಾಗ ಸತ್ಕಾರ ಆಗದ ಯಾರೂ ಪರದೇಶಕ್ಕ ಹೋಗೂಹಂಗಿಲ್ಲ. ಇದು ಊರಿನ ನಿಯಮ. ಮೊದಲ ಈ ನಿಯಮ ಇರಲಿಲ್ಲ, ಯಾಕಂದ್ರ ಮೊದಲ ಯಾರೂ ಪರದೇಶಕ್ಕ ಹೋಗ್ತಿರಲಿಲ್ಲ. ನನ್ನ ಮೊಮ್ಮಗಳು ತಾರವ್ವ ಹೊಂಟ ಮ್ಯಾಲೆ ಅದು ಹುಟ್ಟಿತು.

ನಮ್ಮೂರು ಕಾಗವಾಡ ದಾಟಿ ಐನಾಪುರದ ಹಾದ್ಯಾಗ ಐತಿ. ನಮ್ಮದು ಕುರಿ ಕಾಯೂ ಮನಿ. ತಾರವ್ವ ದನದ ಡಾಕ್ಟರಿಕಿ ಕಲ್ತಳು, ಸಾಲಲಿಲ್ಲ. ಕುರಿ ರೋಗದ ಮ್ಯಾಲೆ ಇನ್ನೂ ಕಲೀಬೇಕಂತ ಆಸ್ಟ್ರೇಲಿಯಾದ ಒಂದು ದೊಡ್ಡ ಸರಕಾರಿ ವಿಶ್ವವಿದ್ಯಾಲಯದಾಗ ಸೀಟು ತಗೊಂಡ್ಲು. ಅದು ಎಷ್ಟು ದೊಡ್ಡದಂದ್ರ, ಒಂದು ಪಾಠ ಮುಗಿಸಿ ಇನ್ನೊಂದು ಪಾಠಕ್ಕ ಬಸ್ಸಿನ್ಯಾಗ ಹೋಗಬೇಕಂತ. ಬಸ್ಸು ತಪ್ಪಿದ್ರ ಏನು ಮಾಡ್ತಾರಂತ ಕೇಳಿದೆ. ಅಲ್ಲಿ ಬಸ್ಸು ಹೇಳಿದ ಹೊತ್ತಿಗೇ ಬರತೈತಿ ಅಂದ್ಲು. ನಾ ನಂಬಲಿಲ್ಲ.

ಅಲ್ಲಿ ಪರದೇಶಿ ಹುಡುಗರ ಸಲುವಾಗಿನ ಒಂದು ಬ್ಯಾರೆ ಆಫೀಸ ಐತಿ. ಅವರು ಒಂದ ಮಾತು ಹೇಳಿದ್ರು: ಶಿವರಾತ್ರಿ ಒಳಗ ಬಂದು ನಿಂತ್ರ ಸೀಟು ನಿಂದು, ಇಲ್ಲಂದ್ರ ಹಿಂದ ನಿಂತವರದು.

ಆ ವರ್ಷ ನಮ್ಮ ಕಬ್ಬಿನ ಸೊಸಾಯ್ಟಿ ಚುನಾವಣಿ ಇತ್ತು. ಅಧ್ಯಕ್ಷರು ರಾವಸಾಹೇಬ್ರು. ಆ ಖುರ್ಚಿ ಬೇಕಾದವರು ಮುರಗೆಪ್ಪನವರು. ಸಂಕ್ರಾಂತಿ ಮುಗಿದ ಕೂಡಲೇ ರಾವಸಾಹೇಬ್ರು ತಾರವ್ವನ್ನ ಕರಿಸಿ, ತಲಿಗೆ ಪಟಕಾ ಸುತ್ತಿ, ಶಾಲು ಹೊದಿಸಿ, ಕೈಯಾಗ ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಿದ್ರು. ಮೈಕಿನ ಮುಂದ ನಿಂತು ತಾವು ಸೊಸಾಯ್ಟಿಗೆ ಏನೇನು ಮಾಡಿದ್ರಂತ ಹೇಳಿದ್ರು. ತಾರವ್ವನ ಹೆಸರು ಕಡೀಕ ಬಂತು, ಅದೂ ಸಾವಿತ್ರೆವ್ವ ಅಂತ.

ಮರುದಿನ ಮುರಗೆಪ್ಪನವರ ಜೀಪು ಊರೆಲ್ಲಾ ಕೂಗಿಕೊಂತ ಹೋತು:

“ಗ್ರಾಮಸ್ಥರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಒಂದು ಪಕ್ಷದ ಸತ್ಕಾರವನ್ನು ಸ್ವೀಕರಿಸಿದವರು ಇನ್ನೊಂದು ಪಕ್ಷದ ಸತ್ಕಾರವನ್ನು ಸ್ವೀಕರಿಸದೆ ಊರಿನ ಗಡಿ ದಾಟಿದಲ್ಲಿ, ಸದರಿ ಪ್ರಯಾಣವನ್ನು ಚುನಾವಣಾ ಪ್ರಚಾರವೆಂದು ಪರಿಗಣಿಸಲಾಗುವುದು.”

ನ್ಯಾಯದ ಮಾತು. ಮುರಗೆಪ್ಪನವರೂ ಸತ್ಕಾರ ಮಾಡಿದ್ರು. ಅವರ ಪಟಕಾ ಉದ್ದ ಇತ್ತು. ಉದ್ದ ಇದ್ದದ್ದಕ್ಕ ರಾವಸಾಹೇಬ್ರದು ಸಣ್ಣದಾತು. ಸಣ್ಣದಾದದ್ದಕ್ಕ ಅವರು ಮತ್ತ ಮಾಡಬೇಕಾತು. ಅಧ್ಯಕ್ಷರು ಮತ್ತ ಮಾಡಿದ ಮ್ಯಾಲೆ ಮುರಗೆಪ್ಪನವರು ಹೆಂಗ ಸುಮ್ಮನ ಕೂಡತಾರ್ರಿ?

ತಾರವ್ವ ಟ್ರಂಕು ಹೊತ್ತು ಸ್ಟ್ಯಾಂಡಿಗೆ ಹೋಗೂದು, ಒಂದು ಜೀಪು ಬಂದು ಅಕಿನ್ನ ಬಸ್ಸಿನಿಂದ ಇಳಿಸಿಕೊಂಡು ಸತ್ಕಾರಕ್ಕ ಹೊಳ್ಳಿ ತರೂದು. ಮಿರಜ ಬಸ್ಸಿನ ಕಂಡಕ್ಟರ ಲಗಮಪ್ಪ ಬಾಳ ಸಭ್ಯ ಮನಷ್ಯಾ. ಅಕಿ ಹತ್ತಿದ ಕೂಡಲೇ, “ತಂಗೀ, ಗಡಿ ದಾಟೂತನಕಾ ತಿಕೀಟು ತಗೋಬ್ಯಾಡ, ಸುಮ್ಮನ ರೊಕ್ಕ ಹಾಳು,” ಅಂತಿದ್ದ.

ಮನ್ಯಾಗ ಮಾತ್ರ ಯಾವ ಕೊರತಿನೂ ಇರಲಿಲ್ಲ. ಮರಿಗೋಳು ಚಳಿಗೆ ಶಾಲು ಹೊದ್ದು ಮಲಗತಿದ್ವು. ದಿನಾ ಸಾರಿಗೆ ಕೊಬ್ಬರಿ. ಕುರಿಗೋಳು ಚೆಂಡುಹೂವಿನ ಹಾರ ತಿಂದು ತಿಂದು, ಆಮ್ಯಾಲೆ ಗುಲಾಬಿ ಇದ್ರಷ್ಟ ಬಾಯಿ ಹಾಕಾಕತ್ತಿದ್ವು.

ಶಿವರಾತ್ರಿ ಹತ್ತರ ಬಂತು. ಒಂದಿನ ತಾರವ್ವ ನನ್ನ ಬಾಜೂಕ ಬಂದು ಕುಂತಳು. ತಲಿಮ್ಯಾಲೆ ಇನ್ನೂ ಪಟಕಾ ಇತ್ತು.

“ಆಯಿ, ಇವರು ನನ್ನ ಕಳಸೂ ಸಂಭ್ರಮದಾಗ ನನ್ನ ಕಳಸೂದಿಲ್ಲ.”

ನಾ ಶಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಕುರಿ ಕಾದಾಕಿ. ಬೇಲ್ಯಾಗ ತಲಿ ಸಿಕ್ಕಿಸಿಕೊಂಡ ಕುರಿನ್ನ ಮುಂದ ಎಳದ್ರ ಕೊಳ್ಳ ಹರೀತೈತಿ. ಅದನ್ನ ಮೊದಲ ಹಿಂದ ಸರಿಸಬೇಕು, ಆಮ್ಯಾಲೆ ಅದು ತಾನ ಹಾದಿ ಹುಡಿಕ್ಕೊಂತೈತಿ. ನಾ ಎದ್ದು ರಾವಸಾಹೇಬ್ರ ಮನಿ ಕಟ್ಟಿಗೆ ಹೋದೆ.

“ಸಾಹೇಬ್ರ, ಹೋಗೂ ಸತ್ಕಾರ ಇಬ್ಬರೂ ಬೇಕಾದಷ್ಟು ಮಾಡಿದ್ರಿ. ಹೊಳ್ಳಿ ಬಂದ ಸತ್ಕಾರ ಯಾರು ಮಾಡಾವ್ರು?”

ಅವರು ಅಡಕಿ ಕತ್ತರಿಸೂದು ನಿಲ್ಲಿಸಿದ್ರು. “ಅಕಿ ಇನ್ನೂ ಹೋಗೇ ಇಲ್ಲಲ್ಲ ಅವ್ವಾ.”

“ಹೋಗಿ ಬರೂದ್ರಾಗ ಚುನಾವಣಿ ಮುಗದಿರತೈತ್ರಿ.”

ರಾವಸಾಹೇಬ್ರು ತಿಳದ ಮನಷ್ಯಾ. ಅಡಕಿ ಬಾಯಾಗ ಹಾಕ್ಕೊಂಡು, “ನಾಳೆ ಮುಂಜಾನೆ,” ಅಂದ್ರು.

ಮುರಗೆಪ್ಪನವರಿಗೆ ಸುದ್ದಿ ಮುಟ್ಟಿತು. ಅವರೂ ಮುಂಜಾನೆನೇ ಬಂದ್ರು. ಹೋಗೂದು ಎಷ್ಟು ಸಲ ಆದ್ರೂ ಆಗತೈತಿ, ಆದ್ರ ಬಂದಾಕಿ ಮತ್ತೊಮ್ಮೆ ಬರಾಕ ಬರೂದಿಲ್ಲ ಅನ್ನೂದು ಇಬ್ಬರಿಗೂ ಒಪ್ಪಿಗಿ ಆತು. ಹಂಗಾಗಿ ಒಂದ ಪಟಕಾ. ಒಂದು ತುದಿ ರಾವಸಾಹೇಬ್ರು ಹಿಡದ್ರು, ಇನ್ನೊಂದು ತುದಿ ಮುರಗೆಪ್ಪನವರು. ಇಬ್ಬರೂ ಎದುರುಬದುರು ಸುತ್ತಿ ಸುತ್ತಿ ನನ್ನ ಮೊಮ್ಮಗಳ ಮಾರೀನ ಕಾಣದಂಗಾತು. ಪರದೇಶದ ಅನುಭವ ಹೇಳಂದ್ರು. ಪಟಕಾದೊಳಗಿಂದ ತಾರವ್ವ, ಅಲ್ಲಿ ಬಯಲು ದೊಡ್ಡದೈತಿ, ಕುರಿ ಬಾಳ ಅದಾವು, ಮಂದಿ ತಮ್ಮ ಪಾಡಿಗೆ ತಾವು ಇರತಾರ ಅಂದ್ಲು. ಚಪ್ಪಾಳಿ ನಿಲ್ಲಲಿಲ್ಲ. ಎರಡೂ ಪಕ್ಷದ ಜೀಪು ಕೂಡಿ ಸಾರಿದ್ವು:

“ಕುಮಾರಿ ತಾರವ್ವ ಇವರು ಪರದೇಶದಲ್ಲಿ ಉನ್ನತ ಶಿಕ್ಷಣವನ್ನು ಯಶಸ್ವಿಯಾಗಿ ಪೂರೈಸಿ ಸ್ವಗ್ರಾಮಕ್ಕೆ ಮರಳಿರುತ್ತಾರೆ. ಇವರ ಬಾಬ್ತು ಇನ್ನು ಯಾವುದೇ ಸತ್ಕಾರ ಬಾಕಿ ಇರುವುದಿಲ್ಲ.”

ಮರುದಿನ ತಾರವ್ವ ಟ್ರಂಕು ಹೊತ್ತು ಸ್ಟ್ಯಾಂಡಿಗೆ ಹೋದಳು. ಎಲ್ಲಾರೂ ನೋಡಿದ್ರು, ಯಾರೂ ತಡೀಲಿಲ್ಲ. ಪರದೇಶದಿಂದ ಬಂದಾಕಿ ಮಿರಜಕ್ಕ ಹೋದ್ರ ಯಾರಿಗೇನು? ಬಸ್ಸು ಗಡಿ ದಾಟಿತು, ಲಗಮಪ್ಪ ಕೈ ಮುಗಿದು ತಿಕೀಟು ಹರದ.

ಶಿವರಾತ್ರಿ ಹಿಂದಿನ ದಿನ ಅಕಿ ಅಲ್ಲಿ ಮುಟ್ಟಿದಳು. ಅಲ್ಲೂ ಸ್ವಾಗತ ಮಾಡಿದ್ರಂತ. ಒಂದು ದೊಡ್ಡ ಹಾಲಿನ್ಯಾಗ ಕುಂಡರಿಸಿ, ಎದಿಮ್ಯಾಲೆ ಹೆಸರಿನ ಚೀಟಿ ಅಂಟಿಸಿ, ಯಾವ ಆಫೀಸಿಗೆ ಹೋದ್ರ ಯಾವ ಆಫೀಸಿಗೆ ಹೋಗಂತ ಹೇಳ್ತಾರ ಅನ್ನೂದನ್ನ ವಾರಗಟ್ಟಲೆ ತಿಳಿಸಿಕೊಟ್ರಂತ. “ಆಯಿ, ಇಲ್ಲಿ ನನ್ನ ಹೆಸರು ಸರಿ ಬರದಾರ, ಆದ್ರ ನಿಂತು ಓದಾವ್ರು ಯಾರೂ ಇಲ್ಲ,” ಅಂತ ಬರದಿದ್ಲು. ನನ್ನ ಮಗ ಮಾಳಸಿದ್ದ ಅದನ್ನ ಓದಿ ಹೇಳಿದ ದಿನ, ನಾ ಟ್ರಂಕಿನ್ಯಾಗ ಒಂದು ಪಟಕಾ ಇಟ್ಟು ಕಳಿಸಿದ್ದು ಚಲೋ ಆತು ಅನಿಸ್ತು. ಚಳಿಗಾಲದಾಗ ಅದನ್ನ ಕಿವಿಗೆ ಸುತ್ತಿಕೊಂಡು ಪಾಠಕ್ಕ ಹೋಗತಿದ್ಲಂತ. ಆಮ್ಯಾಲೆ ಬಸ್ಸಿನ್ಯಾಗ ಎಲ್ಲಾರೂ ಗುರುತು ಹಿಡದ್ರಂತ.

ಇಲ್ಲಿ ಚುನಾವಣ್ಯಾಗ ರಾವಸಾಹೇಬ್ರು ಗೆದ್ರು. ಸೋತದ್ದಕ್ಕ ಮುರಗೆಪ್ಪನವರಿಗೂ ಒಂದು ಸತ್ಕಾರ ಆತು. ಪರದೇಶ ಕಂಡಾಕಿ ಊರಾಗ ಇದ್ದೂ ಉಪಯೋಗ ಆಗಬಾರದೇನಂತ ತಾರವ್ವನ್ನ ಸೊಸಾಯ್ಟಿಯ ಪಶು ಸಮಿತಿಗೆ ಹಾಕಿದ್ರು. ಸೊಸಾಯ್ಟಿ ಪುಸ್ತಕದ ಪ್ರಕಾರ ಪ್ರತಿ ಸಭಾಕ್ಕೂ ಅಕಿ ಹಾಜರಿದ್ದು, ಎಲ್ಲಾ ಠರಾವಿಗೂ ಮೌನದಿಂದ ಒಪ್ಪಿಗಿ ಕೊಟ್ಟಳು. ಅಷ್ಟು ಚಲೋ ಮೆಂಬರು ಆ ಸಮಿತ್ಯಾಗ ಹಿಂದ ಇರಲಿಲ್ಲ, ಮುಂದೂ ಬರಲಿಲ್ಲ.

ವರ್ಷಗೋಳು ಉರುಳಿದ್ವು. ಒಂದಿನ ಅಕಿ ಕಲ್ತು ಮುಗಿಸಿ, ಅದ ಟ್ರಂಕು ಹಿಡಕೊಂಡು, ಅದ ಲಗಮಪ್ಪನ ಬಸ್ಸಿನಿಂದ ಇಳದಳು. ನಾ ಎದುರಿಗೆ ಹೋಗಿದ್ದೆ. ಚಹಾದಂಗಡ್ಯಾಗ ಕುಂತ ರಾವಸಾಹೇಬ್ರು ಚಹಾ ಕುಡಿಯೂ ಬಸಿ ಕೆಳಗಿಟ್ರು.

“ಏನವಾ ತಾರಾ, ಟ್ರಂಕು ಹಿಡದು ಎಲ್ಲಿಗೆ ಹೊಂಟಿ?”

“ಬಂದೀನ್ರಿ ಸಾಹೇಬ್ರ, ಆಸ್ಟ್ರೇಲಿಯಾದಿಂದ.”

“ಅದು ಗೊತ್ತೈತಿ ತಗೋ. ನೀ ಬಂದು ಬಾಳ ವರ್ಷ ಆತು, ಪಟಕಾ ಕಟ್ಟಿದಾಂವ ನಾನ. ಈಗ ಹೊಂಟಿದ್ದೆಲ್ಲಿಗೆ ಅಂತ ಕೇಳೀನಿ.”

ತಾರವ್ವ ನನ್ನ ಮಾರಿ ನೋಡಿದಳು. ನಾ ಹಾದಿ ಬಾಜೂಕಿನ ಬೇಲಿ ಕಡೆ ನೋಡಿದೆ.

“ಮನಿಗ್ರಿ,” ಅಂದ್ಲು.

“ಹಂಗಾರ ನಡಿ. ಮನಿಗೆ ಹೋಗಾಕ ಸತ್ಕಾರ ಬೇಕಿಲ್ಲ,” ಅಂದು ರಾವಸಾಹೇಬ್ರು ಬಸಿ ಎತ್ತಿದ್ರು.

ಇಬ್ಬರೂ ಟ್ರಂಕಿನ ಒಂದೊಂದು ಕಡೆ ಹಿಡಕೊಂಡು ನಡದಿವಿ. ಬಾಗಲದಾಗ ಕುರಿಗೋಳು ಅಕಿನ್ನ ನೋಡಿ, ಗುಲಾಬಿ ಹಾರ ಐತೇನಂತ ಕೊಳ್ಳ ಮೂಸಿದ್ವು. ಅಕಿ ಎಲ್ಲೋ ಹೋಗಿದ್ಲು ಅಂತ ಊರಾಗ ನೆನಪಿಟ್ಟಾವು ಅವಷ್ಟ.