ಬಿಸ್ಕತ್ತು ಕೊಟ್ಟರೆ ಬಿಡುವ ಕೈ

ರಸಾಯನಶಾಸ್ತ್ರದ ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ರಾಸಾಯನಿಕ ಬಂಧ ಮುರಿಯಲು ಶಕ್ತಿ ಬೇಕೆಂಬುದನ್ನು ಒಂದನೇ ತರಗತಿಯ ಮಕ್ಕಳಿಗೂ ಅರ್ಥ ಮಾಡಿಸಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡರು. ಒಂದನೇ ತರಗತಿಯ ಟೀಚರು ಅಂದೇ ರಜೆ. ಮಧ್ಯಾಹ್ನ ಇಲಾಖೆಯ ಸಾಹೇಬರು ಬೇರೆ ಬರುವವರಿದ್ದರು.

"ಹಾಗಾದ್ರೆ ಮಾಡಿ ತೋರಿಸಿ," ಎಂದರು ಹೆಡ್ ಮೇಡಂ. "ಸಾಹೇಬ್ರು ಮೆಚ್ಚಿದ್ರೆ ಕಾಲೇಜಿಗೆ ನಿಮ್ಮ ವರ್ಗಾವಣೆ ಬಗ್ಗೆ ನಾನೇ ಮಾತಾಡ್ತೀನಿ."

ಕಾಲೇಜಿನ ಲ್ಯಾಬೆಂದರೆ ಮೇಷ್ಟ್ರಿಗೆ ಪ್ರಾಣ. ಇವತ್ತು ಆಗಿಯೇ ತೀರಬೇಕೆಂದು ಅಂಗಿಯ ತೋಳು ಮಡಚಿಕೊಂಡು ಹೊರಟರು.

ಬೋರ್ಡಿನ ಮೇಲೆ ಎರಡು ಗುಂಡು ಬರೆದು ನಡುವೆ ಗೆರೆ ಎಳೆದರು. ಅವಕ್ಕೆ ಮೀಸೆ ಬರೆಯಿರಿ ಎಂದು ಮಕ್ಕಳು ಹಟ ಹಿಡಿದವು. ಬಾಗಿಲಲ್ಲಿ ಇಣುಕುತ್ತಿದ್ದ ಸಂಗೀತದ ಟೀಚರು, ಮಕ್ಕಳಿಂದ ಕೈ ಕೈ ಹಿಡಿಸಿ ನೋಡಿ ಎಂದು ಸಲಹೆ ಕೊಟ್ಟರು. ಮೇಷ್ಟ್ರಿಗೂ ಅದು ಹಿಡಿಸಿತು.

"ನೀವೆಲ್ಲ ಪರಮಾಣುಗಳು. ಕೈ ಹಿಡ್ಕೊಂಡಿರೋದೇ ಬಂಧ. ಶಕ್ತಿ ಕೊಡೋ ತನಕ ಯಾರೂ ಬಿಡಬಾರದು."

ಮಕ್ಕಳು ಬಿಡಲಿಲ್ಲ. ಊಟದ ಬೆಲ್ಲಾದರೂ ಬಿಡಲಿಲ್ಲ. ನಾನು ಶಕ್ತಿ ಕೊಡುತ್ತೇನೆಂದು ಬಂದ ಡ್ರಿಲ್ ಮಾಸ್ತರರು ಎಳೆದ ಎಳೆತಕ್ಕೆ ಅವರದೇ ಅಂಗಿಯ ಗುಂಡಿ ಹಾರಿಹೋಯಿತು. ಕೊನೆಗೆ ಮೇಷ್ಟ್ರು ಓಡಿಹೋಗಿ ಬಿಸ್ಕತ್ತಿನ ಪೊಟ್ಟಣ ತಂದರು. ಬಿಸ್ಕತ್ತು ಈಸಿಕೊಳ್ಳಲು ಕೈ ಬೇಕಲ್ಲ, ಸಾಲಿಗೆ ಸಾಲೇ ಕಳಚಿಕೊಂಡಿತು. ನೋಡಿದಿರಾ, ಇದೇ ಶಕ್ತಿ ಎಂದು ಮೇಷ್ಟ್ರು ಹಿಗ್ಗಿದರು. ಪಾಠ ಎಷ್ಟು ಚೆನ್ನಾಗಿ ತಲೆಗೆ ಹತ್ತಿತೆಂದರೆ ಮಕ್ಕಳು ತಿಂದು ಮುಗಿಸಿ ಮತ್ತೆ ಕೈ ಹಿಡಿದು ನಿಂತವು.

ಅಷ್ಟರಲ್ಲಿ ಸಾಹೇಬರು ಬಂದರು. ಸಾಲಿನ ತುದಿಯಲ್ಲಿದ್ದ ಪುಟ್ಟ ಹುಡುಗಿಯ ಕೈ ಕುಲುಕಿದರು. ಅವಳು ಬಿಡಲಿಲ್ಲ. ಅವರು ಹೆಜ್ಜೆ ಇಟ್ಟರೆ ರೈಲಿನ ಹಾಗೆ ತರಗತಿಯೆಲ್ಲ ಹಿಂದೆ ಬಂತು.

"ಕೈ ಬಿಡಮ್ಮ."

"ಶಕ್ತಿ ಕೊಡಿ ಸಾರ್. ಬಂಧ ಸುಮ್ಮಸುಮ್ಮನೆ ಮುರಿಯಲ್ಲ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಸರಿಯಾದ ಉತ್ತರ ತಮಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲವೆಂದರು. ಮೇಷ್ಟ್ರು ಪೊಟ್ಟಣದಲ್ಲಿ ಉಳಿದಿದ್ದ ಕೊನೆಯ ಬಿಸ್ಕತ್ತನ್ನು ಹುಡುಗಿಗೆ ಕೊಟ್ಟು ಸಾಹೇಬರ ಕೈ ಬಿಡಿಸಿದರು. ಇದೇ ಸಮಯವೆಂದು ಹೆಡ್ ಮೇಡಂ ಕೊಟ್ಟ ಮಾತಿನಂತೆ ವರ್ಗಾವಣೆಯ ವಿಷಯ ಎತ್ತಿದರು.

"ಕಾಲೇಜಿಗೆ ಯಾರು ಬೇಕಾದ್ರೂ ಸಿಗ್ತಾರೆ," ಎಂದರು ಸಾಹೇಬರು. "ಇವರು ಒಂದನೇ ತರಗತಿಗೇ ಇರಲಿ. ಕಾಯಂ."

ಸಾಹೇಬರು ಜೀಪಿನತ್ತ ನಡೆದರು. ಕಾಲಿಗಾದರೂ ಬಿದ್ದು ಒಪ್ಪಿಸುತ್ತೇನೆಂದು ಮೇಷ್ಟ್ರು ಬಾಗಿಲಿಗೆ ನುಗ್ಗಿದರು. ಆದರೆ ಬಿಸ್ಕತ್ತು ಮುಗಿಸಿದ್ದ ಹುಡುಗಿ ಆಗಲೇ ಮೇಷ್ಟ್ರ ಕೈ ಹಿಡಿದಿದ್ದಳು, ಅವಳ ಹಿಂದೆ ಇಡೀ ತರಗತಿಯಿತ್ತು. ಪೊಟ್ಟಣ ಖಾಲಿಯಾಗಿತ್ತು.