ಕುರಾಯಾಮಿಗೊಂದು ಕೋಣೆ

ಹಾಸಿಗೆ ಮಡಚಿಡುವ ಗೋಡೆಕಪಾಟಿನ ಮೇಲಂತಸ್ತಿನಲ್ಲಿ, ಚಳಿಗಾಲದ ಎರಡು ರಜಾಯಿಗಳ ನಡುವೆ ಮುದುರಿ ಕೂತು ಅತಿಥಿಗಳನ್ನು ಉಪಚರಿಸುವುದು ಕಷ್ಟದ ಕೆಲಸ. ಅದರಲ್ಲೂ ಆ ಅತಿಥಿ ನಮ್ಮ ಬೀದಿಯ ಸಂಘದ ಅಧ್ಯಕ್ಷರಾಗಿದ್ದು, ಅವರ ಮಡಿಲಲ್ಲಿ ಒಂದು ನಿಮಿಷದ ಹಿಂದೆ ನಾನೇ ಚೆಲ್ಲಿದ ಬಿಸಿ ಚಹಾ ಇದ್ದರೆ ಮಾತು ಯಾವುದರಿಂದ ಶುರು ಮಾಡಬೇಕೆಂದೇ ತೋಚುವುದಿಲ್ಲ.

ಅಧ್ಯಕ್ಷರಾದ ಹಮಾಜೊನೊ ಅವರು ಬಂದದ್ದು ಜೂನ್ ತಿಂಗಳಲ್ಲಿ ಕೋಲಿನ ಮೇಲೆ ನಡೆಯುವ ಜೇಡಗಳ ಕಾಳಗಕ್ಕೆ ಹೆಸರು ಬರೆದುಕೊಳ್ಳಲು. ನಾನು ತಟ್ಟೆಯಲ್ಲಿ ಚಹಾ, ಆವಿಯಾಡುವ ಮಂಜೂ ಕಡುಬುಗಳನ್ನು ಹಿಡಿದುಕೊಂಡು ಎದುರು ಮಂಡಿಯೂರಿದೆ. "ನೀವು ಮನೇಲೇ ಕೂತು ಅದೇನೋ ಬರೀತೀರಂತಲ್ಲ?" ಎಂದು ಅವರು ಕೇಳಿದರು. ಇಂಥ ಅವಕಾಶ ನನಗೆ ಅಪರೂಪ. "ಭಯಾನಕ ರಾಕ್ಷಸರನ್ನು ಸೃಷ್ಟಿಸುತ್ತೇನೆ. ನನ್ನ ಒಂದೊಂದು ಪ್ರಾಣಿಯ ಹೆಸರು ಕೇಳಿದರೆ ವೀರರ ಎದೆ ನಡುಗಬೇಕು" ಎಂದು ಹೇಳಿ, ಗಂಭೀರವಾಗಿ ತಲೆಬಾಗಿಸಿದೆ. ಬಾಗಿಸಿದ ಕತ್ತಿನ ಮೇಲೆ, ಅಂಗಿಯ ಕಾಲರಿಗೂ ಚರ್ಮಕ್ಕೂ ನಡುವಿನ ಜಾಗಕ್ಕೆ, ಬಾಗಿಲುಪಟ್ಟಿಯಿಂದ ನೂಲು ಬಿಟ್ಟುಕೊಂಡು ಇವಾಹಿಮೆ ಇಳಿದಳು.

ಇವಾಹಿಮೆ ನಮ್ಮ ಮಾವನವರ ಪಟ್ಟದ ಜೇಡ.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪು ಬರುವಾಗ ನಾನು ಕಪಾಟಿನ ಮೇಲಂತಸ್ತಿನಲ್ಲಿದ್ದೆ. ಕೆಳಗೆ ಅಧ್ಯಕ್ಷರು ಒದ್ದೆ ಪ್ಯಾಂಟಿನಲ್ಲೇ ನಾಲ್ಕು ಕಾಲಲ್ಲಿ ಚಾಪೆಯ ಮೇಲೆಲ್ಲ ತಡಕುತ್ತ, "ಪೆಟ್ಟಾಯ್ತಾ? ಕಾಲು ಎಲ್ಲಾ ಸರಿಯಾಗಿದೆಯಾ?" ಎಂದು ಆತಂಕದಿಂದ ಕೇಳುತ್ತಿದ್ದರು. "ಏನೂ ಆಗಿಲ್ಲ, ಮಂಡಿ ಸ್ವಲ್ಪ..." ಎಂದು ನಾನು ಮೇಲಿಂದ ಶುರು ಮಾಡಿದೆ. (ಅವರು ಎಣಿಸುತ್ತಿದ್ದದ್ದು ಎಂಟು ಕಾಲುಗಳನ್ನು ಎಂದು ಆಮೇಲೆ ಗೊತ್ತಾಯಿತು.)

ನಾನು ಸಪ್ಪೊರೊದವನು. ನಮ್ಮ ಕಿಟಕಿಯಾಚೆ ವರ್ಷದಲ್ಲಿ ಐದು ತಿಂಗಳು ಹಿಮ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾಮಿಕೊಳನ್ನು ಮದುವೆಯಾಗಿ, ದೇಶದ ಆ ತುದಿಯಿಂದ ಈ ತುದಿಗೆ, ಕಜಿಕಿಯ ಈ ಮನೆಗೆ ಮನೆಅಳಿಯನಾಗಿ ಬಂದೆ. ಮದುವೆಗೆ ಮೊದಲು ನಾಮಿಕೊ ಒಂದೇ ಮಾತು ಕೇಳಿದ್ದಳು: "ನಮ್ಮಪ್ಪ ಬೇಸಿಗೆಯಲ್ಲಿ ಸ್ವಲ್ಪ ಸಾಕುಪ್ರಾಣಿ ಇಟ್ಕೋತಾರೆ. ಅಭ್ಯಂತರ ಇಲ್ವಲ್ಲಾ?" ನಾನು ಬೆಕ್ಕು ಇರಬಹುದೆಂದುಕೊಂಡೆ.

ಮೇ ತಿಂಗಳು ಬಂತೆಂದರೆ ನಮ್ಮ ಮಾವ ತೊಕುಜಿರೊ ಅವರು ಬಿದಿರು ಹಿಡಿದು ಗುಡ್ಡ ಹತ್ತುತ್ತಾರೆ. ಹಳದಿ ಕಪ್ಪು ಪಟ್ಟೆಯ, ಗಂಡಸಿನ ಹೆಬ್ಬೆರಳಷ್ಟು ದಪ್ಪದ ಹೆಣ್ಣು ಜೇಡಗಳು ಮನೆ ತುಂಬುತ್ತವೆ. ಡಬ್ಬಿಯಲ್ಲಿಟ್ಟರೆ ಅವುಗಳ ಮನಸ್ಸು ಕುಗ್ಗುತ್ತದಂತೆ. ಹಾಗಾಗಿ ಪರದೆಯ ಕಂಬಿಯಲ್ಲಿ ಒಬ್ಬಳು, ದೀಪದ ಪಕ್ಕ ಒಬ್ಬಳು, ಜಗಲಿಯಲ್ಲಿ ಒಂದು ಡಜನ್. ಜ್ವಾಲಾಮುಖಿಯ ಬೂದಿ ಬೀಳುವ ದಿನ ಬಟ್ಟೆಯನ್ನು ಒಳಗೆ ಒಣಗಿಸಬೇಕು. ಆದರೆ ಒಳಗಿನ ಹಗ್ಗವೆಲ್ಲ ಆಗಲೇ ಭರ್ತಿ. ನನ್ನ ಬನಿಯನ್ನುಗಳು ಈ ಮನೆಯಲ್ಲಿ ಮೇ, ಜೂನ್ ತಿಂಗಳಲ್ಲಿ ಒಣಗಿದ್ದೇ ಇಲ್ಲ.

ಈ ಮನೆಯಲ್ಲಿ ಜೇಡವಿಲ್ಲದ ಜಾಗವೆಂದರೆ ಒಂದೇ: ನಾಲ್ಕೂವರೆ ಚಾಪೆ ಹಾಸುವಷ್ಟು ಪುಟ್ಟದಾದ ನನ್ನ ಬರವಣಿಗೆಯ ಕೋಣೆ. ಬಾಗಿಲ ಸಂದಿಗೆಲ್ಲ ಟೇಪು ಅಂಟಿಸಿ ಅದನ್ನು ಕೋಟೆಯಂತೆ ಕಾಪಾಡಿಕೊಂಡಿದ್ದೇನೆ. ಅಧ್ಯಕ್ಷರ ಪ್ಯಾಂಟು ಒದ್ದೆಯಾದ ಸಂಜೆ ಮಾವನವರು ಊಟದ ಮಧ್ಯೆ ಆ ಕೋಟೆಗೇ ಕೈ ಹಾಕಿದರು.

"ಅಳಿಯಂದ್ರ ಕೋಣೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತೆ. ನನ್ನ ಹೆಣ್ಮಕ್ಕಳು ಇಲ್ಲಿ ಕಿರುಚಾಟದಲ್ಲಿ ಸೊರಗಿಹೋಗ್ತಿದಾರೆ."

"ಮಾವ, ನಾನು ಅಲ್ಲಿ ಕೆಲಸ ಮಾಡ್ತೀನಿ!"

"ಏನು ಕೆಲಸ? ಇಲ್ಲೀವರೆಗೂ ಕಳಿಸಿದ ಭೂತಗಳೆಲ್ಲಾ ವಾಪಸ್ ಬಂದ್ವಲ್ಲ."

ಇದು ಚುಚ್ಚು ಮಾತಾದರೂ ಸುಳ್ಳಲ್ಲ. ನಾನು ಬರೆಯುವುದು ಮೇಜಿನ ಸುತ್ತ ಕೂತು ಆಡುವ ಕಥೆಯಾಟಗಳಿಗೆ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಕತ್ತಿವೀರ, ಕಳ್ಳ, ಪೂಜಾರಿಣಿ ಹೀಗೆ ಪಾತ್ರಗಳಾಗಿ ಕತ್ತಲ ಗುಹೆಗಳಿಗೆ ನುಗ್ಗುತ್ತಾರೆ. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗುಹೆಯೊಳಗಿನ ಪ್ರಾಣಿಗಳನ್ನು ಒದಗಿಸುವುದು ನನ್ನಂಥವರ ಕಸುಬು. ಫುಕುಒಕಾದ ಸಂಪಾದಕರು ನನ್ನ ಆರು ರಾಕ್ಷಸರನ್ನು ಒಂದೇ ಷರಾ ಬರೆದು ಹಿಂದಿರುಗಿಸಿದ್ದರು: 'ಮುದ್ದಾಗಿದೆ.' ಕೊನೆಯ ಕಾಗದದಲ್ಲಿ ಒಂದು ನಮೂನೆಯನ್ನೂ ಲಗತ್ತಿಸಿದ್ದರು. ಮೂರು ಜನರ ಜೊತೆ ಆಡಿ ನೋಡಬೇಕು. ಎಷ್ಟು ಭಯವಾಯಿತೆಂದು ಹತ್ತಕ್ಕೆ ಅಂಕ ಹಾಕಿ ಅವರು ಸಹಿ ಮಾಡಬೇಕು. ಒಬ್ಬರಾದರೂ ಐದಕ್ಕೆ ಮೇಲೆ ಕೊಟ್ಟಿರಬೇಕು.

ನಾಮಿಕೊ ಚಾಪ್‌ಸ್ಟಿಕ್ ಕೆಳಗಿಟ್ಟು ತೀರ್ಪು ಕೊಟ್ಟಳು. "ಇನ್ನೊಂದು ಸಲ ಪ್ರಯತ್ನ ಮಾಡ್ಲಿ ಅಪ್ಪ. ಈ ಸಲ ಯಾರಾದ್ರೂ ಹೆದರಿದ್ರೆ ಕೋಣೆ ಇವರದೇ. ಹೆದರ್ಲಿಲ್ಲ ಅಂದ್ರೆ ನಿಮ್ಮ ಜೇಡಗಳಿಗೆ. ರೀ, ಒಪ್ಪಿಗೆ ತಾನೆ?"

ಒಪ್ಪಿಗೆಯಿಲ್ಲ ಎನ್ನಲು ನಾನು ಕುಲಪುತ್ರನಲ್ಲ, ಅಳಿಯ.

ಮೂರು ದಿನ ಕೋಟೆಯಲ್ಲಿ ಕೂತು ಯೋಚಿಸಿದೆ. ನಾಲ್ಕನೆಯ ದಿನ ತಲೆಯಲ್ಲಿ ಬೆಳಕು ಹರಿಯಿತು. ನನ್ನ ರಾಕ್ಷಸರು ಮುದ್ದಾಗಲು ಕಾರಣ, ಅವರೆಂದರೆ ನನಗೇ ಭಯವಿರಲಿಲ್ಲ. ನನಗೆ ನಿಜಕ್ಕೂ ಭಯವಿರುವುದನ್ನು ಬರೆದರೆ? ಹೆಬ್ಬೆರಳಷ್ಟಿದ್ದಾಗಲೇ ನನ್ನನ್ನು ಕಪಾಟಿಗೆ ಏರಿಸುವ ಪ್ರಾಣಿ, ಬಸ್ಸಿನಷ್ಟು ದೊಡ್ಡದಾದರೆ? ಬರೆದೇಬಿಟ್ಟೆ. ಹೆಸರು ಕುರಾಯಾಮಿ, ಕತ್ತಲ ರಾಣಿ. ಒಂದೊಂದು ಕಾಲೂ ವಿದ್ಯುತ್ ಕಂಬದಷ್ಟು. ಮೈಯೆಲ್ಲ ಕಡುಕಪ್ಪು. ಮನುಷ್ಯರನ್ನೇ ತಿನ್ನುತ್ತದೆ. ಮನುಷ್ಯರ ಭಾಷೆಯನ್ನೇ ಆಡುತ್ತದೆ. ಬರೆದು ಮುಗಿಸಿದಾಗ ಹಿಂತಿರುಗಿ ನೋಡಲು ಧೈರ್ಯವಾಗಲಿಲ್ಲ. ಅಂಥ ಅದ್ಭುತ ಕೃತಿ!

ಈ ಊರಿನಲ್ಲಿ ಈ ಕೃತಿಯನ್ನು ಯಾರ ಮುಂದೆ ಓದಲಿದ್ದೇನೆಂಬ ಸಣ್ಣ ಸಂಗತಿ ಮಾತ್ರ ನನ್ನ ಪ್ರತಿಭೆಗೆ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಆಟ. ಮಾವನವರು ಕತ್ತಿವೀರ, ನಾಮಿಕೊ ಗಾಯ ವಾಸಿಮಾಡುವ ಪೂಜಾರಿಣಿ. ಮೂರನೆಯವರು ಅಧ್ಯಕ್ಷ ಹಮಾಜೊನೊ, ಒಣಗಿದ ಪ್ಯಾಂಟಿನಲ್ಲಿ. (ಅವರಿಗೆ ಕಳ್ಳನ ಪಾತ್ರ. 'ಲೆಕ್ಕಪತ್ರ ನೋಡುವ ಕಳ್ಳ ಆಗಬಹುದಾ?' ಎಂದು ಕೇಳಿಕೊಂಡಿದ್ದರು.) ನಾನು ಪರದೆ ಎಳೆದು, ಧ್ವನಿ ತಗ್ಗಿಸಿ ಶುರು ಮಾಡಿದೆ.

"ಗುಹೆಯ ಕೊನೆಯಲ್ಲಿ ಗವ್ವೆನ್ನುವ ಕತ್ತಲು. ಮೇಲಿಂದ ಏನೋ ಇಳಿಯುತ್ತಿದೆ. ಒಂದು ಕಾಲು... ಎರಡು... ಎಂಟು ಕಾಲು! ಬಸ್ಸಿನಷ್ಟು ದೊಡ್ಡ ಜೇಡ!"

ಮೂವರೂ ಉಸಿರು ಬಿಗಿಹಿಡಿದರು. ಆಹಾ, ಎಂದುಕೊಂಡೆ.

"ಹೆಣ್ಣೋ ಗಂಡೋ?" ಎಂದರು ಮಾವ.

"ಹೆಣ್ಣು. ಮಾವ, ಕತ್ತಿ ಹಿರೀರಿ!"

"ಇರಪ್ಪ. ಮುಂದಿನ ಜೋಡಿ ಕಾಲು ಉದ್ದ ಇದೆಯಾ? ಹೊಟ್ಟೆ ಹೇಗಿದೆ, ಬಿಗಿಯಾಗಿದೆಯೋ ಜೋತುಬಿದ್ದಿದೆಯೋ?"

"ಮೈಯೆಲ್ಲ ಕಡುಕಪ್ಪು. ನೋಡಿದವರ ರಕ್ತ ಹೆಪ್ಪುಗಟ್ಟುತ್ತೆ."

"ಪಟ್ಟೆ ಇಲ್ವಾ? ಅಯ್ಯೋ ಪಾಪ" ಎಂದರು ಅಧ್ಯಕ್ಷರು. "ಬಿಸಿಲೇ ಕಂಡಿಲ್ಲ ಅನ್ಸುತ್ತೆ. ಏನು ಹಾಕ್ತಾರೆ ತಿನ್ನೋಕೆ?"

"ಮನುಷ್ಯರನ್ನ!"

"ದಿನಾಲೂ?"

"ದಿನಾಲೂ!"

ಮಾವ ಮತ್ತು ಅಧ್ಯಕ್ಷರು ಮುಖ ಮುಖ ನೋಡಿಕೊಂಡು ತಲೆ ಅಲ್ಲಾಡಿಸಿದರು. "ಕಾಳಗ ಹತ್ತಿರ ಬಂದಾಗ ಅಷ್ಟೊಂದು ಹಾಕ್ಬಾರ್ದು" ಎಂದರು ಮಾವ. "ಮೈ ಭಾರ ಆಗುತ್ತೆ. ನಾಮಿಕೊ, ಸ್ವಲ್ಪ ನೀರು ಚಿಮುಕ್ಸಮ್ಮ ಅವಳಿಗೆ."

"ಪೂಜಾರಿಣಿ ತೀರ್ಥದ ಬಟ್ಟಲಿನಿಂದ ನೀರು ಚಿಮುಕಿಸ್ತಾಳೆ" ಎಂದಳು ನಾಮಿಕೊ, ಬಲು ಭಕ್ತಿಯಿಂದ.

"ಅದು ನಿಮ್ಮನ್ನ ಕೊಲ್ಲೋಕೆ ಬಂದಿದೆ ಕಣ್ರೀ!" ನನ್ನ ಧ್ವನಿ ಕೀರಲಾಯಿತು. "ಹೊಡೀರಿ! ದಾಳ ಹಾಕಿ!"

"ಹಾಕ್ತೀನಿ. ಹೊಡಿಯೋಕಲ್ಲ, ಕೋಲಿಗೆ ಹತ್ತಿಸ್ಕೊಳ್ಳೋಕೆ" ಎಂದ ಮಾವ, ಗುಹೆಯ ಬಾಗಿಲಲ್ಲಿ ಬಿದ್ದಿದ್ದ ದೇವದಾರು ಮರವನ್ನು (ಕಥೆಯ ಅಲಂಕಾರಕ್ಕೆಂದು ಅದನ್ನು ಅಲ್ಲಿ ಬೀಳಿಸಿದ್ದವನು ನಾನೇ) ಅಡ್ಡಲಾಗಿ ಹಿಡಿದು ದಾಳ ಉರುಳಿಸಿದರು. ಇಪ್ಪತ್ತು. ಅದಕ್ಕಿಂತ ದೊಡ್ಡ ಅಂಕವಿಲ್ಲ, ಆಟದ ನಿಯಮ ನಿಯಮವೇ. ಕತ್ತಲ ರಾಣಿ ಕುರಾಯಾಮಿ, ವೀರರ ಎದೆ ನಡುಗಿಸಬೇಕಾದವಳು, ಸಾಕಿದ ಗಿಣಿಯಂತೆ ಕೋಲು ಹತ್ತಿ ಕೂತಳು. ಅಧ್ಯಕ್ಷರು ಜೇಬಿನಿಂದ ಕಾಳಗದ ಪಟ್ಟಿ ತೆಗೆದು, "ತೂಕ ಎಷ್ಟಂತ ಬರ್ಕೊಳ್ಳಲಿ?" ಎಂದರು.

ಕೋಣೆ ಕೈಬಿಟ್ಟು ಹೋಗುವುದು ನನ್ನ ಕಣ್ಣಿಗೆ ಕಾಣುತ್ತಿತ್ತು. ಉಳಿದದ್ದು ಒಂದೇ ಅಸ್ತ್ರ. ಗಂಟಲೊಳಗಿಂದ ಘೋರ ಧ್ವನಿ ತೆಗೆದೆ. "ಎಲೈ ಮಾನವರೇ! ಸಾವಿರ ವರ್ಷಗಳಿಂದ ನಿಮ್ಮ ನೆತ್ತರಿಗಾಗಿ ಕಾದಿದ್ದೇನೆ!"

ಮಾವನವರು ಬೆಚ್ಚಿದರು. ನನಗೆ ಆಸೆ ಚಿಗುರಿತು.

"ಮಾತಾಡ್ತಾಳೆ!" ಎಂದರು ಅವರು. ಎಪ್ಪತ್ತನಾಲ್ಕರ ಮುಖ ಏಳು ವರ್ಷದ ಹುಡುಗನದಾಗಿತ್ತು. "ಹಮಾಜೊನೊ, ಇವಳು ಮಾತಾಡ್ತಾಳೆ ಕಣಯ್ಯ! ಅರವತ್ತು ವರ್ಷದಿಂದ ಕೇಳ್ತಾ ಇದೀನಿ, ಒಬ್ಬಳಾದ್ರೂ ಬಾಯಿ ಬಿಡ್ಲಿಲ್ಲ." ಮೊಣಕಾಲ ಮೇಲೆ ಮುಂದೆ ಜರುಗಿ, ನನ್ನ ಮುಖವನ್ನೇ ದಿಟ್ಟಿಸಿ ಮೆಲ್ಲಗೆ ಕೇಳಿದರು: "ಅಮ್ಮಾ, ಒಂದು ವಿಷಯ. ನೀನು ಕೋಲಿನ ಮೇಲಿರುವಾಗ, ಆ ಕೋಲು ಹಿಡಿದಿರೋನು ನಾನು ಅಂತ ನಿಂಗೆ ಗೊತ್ತಾಗುತ್ತಾ?"

ನನ್ನ ಟಿಪ್ಪಣಿಯಲ್ಲಿ ವಿಷದ ಪ್ರಮಾಣವಿತ್ತು, ಬಲೆಯ ಗಟ್ಟಿತನವಿತ್ತು. ಇದಿರಲಿಲ್ಲ. ಮಾವ ಕಾಯುತ್ತಿದ್ದರು. ಗತಿಯಿಲ್ಲದೆ ಪರದೆಯ ಕಂಬಿಯತ್ತ ತಲೆಯೆತ್ತಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ಜೇಡವನ್ನು ನಿಜವಾಗಿ ನೋಡಿದೆ.

ಇವಾಹಿಮೆ ತಲೆಕೆಳಗಾಗಿ ಕೂತಿದ್ದಳು. ಒಂದು ಕಾಲಿನ ತುದಿಯಿಂದ ನೂಲನ್ನು ಮುಟ್ಟಿ ನೋಡುತ್ತಿದ್ದಳು, ಸ್ನಾನದ ತೊಟ್ಟಿಗೆ ಇಳಿಯುವ ಮೊದಲು ನಾವು ನೀರು ಮುಟ್ಟಿ ನೋಡುವ ಹಾಗೆ. ಅಧ್ಯಕ್ಷರು ಕೆಮ್ಮಿದರು, ಅವಳು ಲಕ್ಷ್ಯ ಮಾಡಲಿಲ್ಲ. ಮಾವ ಎದ್ದು ಬಂದು ಕಿಟಕಿಯ ಚೌಕಟ್ಟಿಗೆ ಕೈಯಿಟ್ಟರು. ಅವಳ ಎಂಟೂ ಕಾಲು ತಟ್ಟನೆ ನಿಂತವು. ನಾನು ಮಾವನ ಕೈ ನೋಡಿದೆ. ಈಚೆಗೆ ಆ ಕೈ ಸ್ವಲ್ಪ ನಡುಗುತ್ತದೆ. ಅವರು ಚಹಾ ಬಟ್ಟಲು ಹಿಡಿದಾಗ ನಾವು ಕಂಡೂ ಕಾಣದ ಹಾಗಿರುತ್ತೇವೆ.

"ಗೊತ್ತಾಗುತ್ತೆ" ಎಂದೆ. ಘೋರ ಧ್ವನಿ ಎಲ್ಲೋ ಹೋಗಿತ್ತು. "ನಿಮ್ಮ ಕೈ ಸ್ವಲ್ಪ ನಡುಗುತ್ತಲ್ಲ, ಅದು ನೂಲಿನಲ್ಲಿ ಬರುತ್ತೆ. ಬೇರೆ ಯಾರ ಕೈಯೂ ಹಾಗಿಲ್ಲ."

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ನಾಮಿಕೊ ನನ್ನನ್ನು ಯಾರೋ ಹೊಸಬನನ್ನು ನೋಡುವಂತೆ ನೋಡಿದಳು.

ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಕುತೂಹಲ ಹತ್ತಿಬಿಟ್ಟಿತ್ತು. ಆ ಕಾಲಿನ ತುದಿಯಲ್ಲಿ ಉಗುರಿದೆಯೇ? ನೂಲನ್ನು ಹಿಡಿಯುತ್ತಾಳೋ, ಬರೀ ತಾಗಿಸುತ್ತಾಳೋ? ಸ್ಟೂಲು ಹತ್ತಿದೆ. ಇನ್ನೂ ಹತ್ತಿರ ಹೋದೆ. ಇನ್ನೂ. ನನ್ನ ಉಸಿರಿಗೆ ಬಲೆ ಅಲ್ಲಾಡಿತು. ಇವಾಹಿಮೆ ಕೈಬಿಟ್ಟು ನೇರ ನನ್ನ ಮೂಗಿನ ಮೇಲೆ ಬಿದ್ದಳು. ಉಗುರಿದೆ.

ಈ ಸಲವೂ ನೆನಪು ಬಂದಾಗ ಎಡಬಲಕ್ಕೆ ರಜಾಯಿಗಳಿದ್ದವು.

ಕೆಳಗೆ ಆಟ ನಿಂತಿರಲಿಲ್ಲ. ಮಾವ ಇವಾಹಿಮೆಯನ್ನು ಕೋಲಿಗೆ ಹತ್ತಿಸಿ ಸಮಾಧಾನಪಡಿಸುತ್ತಿದ್ದರು. ನಾಮಿಕೊ ನನ್ನ ಟಿಪ್ಪಣಿಯನ್ನು ಕೈಗೆತ್ತಿಕೊಂಡು, "ಕಥೆ ಹೇಳೋರು ಇಲ್ಲ. ಇನ್ಮೇಲೆ ಕುರಾಯಾಮಿ ನಾನೇ" ಎಂದಳು. ಅಧ್ಯಕ್ಷರು ಸಂಪಾದಕರ ನಮೂನೆಯನ್ನು ಮೇಜಿನ ಮೇಲೆ ಹರಡಿದರು.

"ತೊಕುಜಿರೊ ಅವರೇ, ಭಯ ಹತ್ತಕ್ಕೆ ಎಷ್ಟು?"

"ಸೊನ್ನೆ. ಇಂಥ ಹುಡುಗಿ ಎಲ್ಲೂ ಸಿಗಲ್ಲ."

"ನಾಮಿಕೊ ಅವರೇ?"

"ಸೊನ್ನೆ."

"ನಾಮಿಕೊ!" ಎಂದೆ ಮೇಲಿಂದ.

"ಸಹಿ ಮಾಡ್ಬೇಕಲ್ರೀ. ಸುಳ್ಳು ಹೇಗೆ ಬರೀಲಿ?"

"ನನ್ನದೂ ಸೊನ್ನೆ" ಎಂದರು ಅಧ್ಯಕ್ಷರು. "ಚಹಾ ಬಿದ್ದಾಗ ಹೆದರಿದ್ದು ಲೆಕ್ಕಕ್ಕೆ ಬರಲ್ಲ ಅಲ್ವಾ?"

ಬರುವುದಿಲ್ಲ. ಕಪಾಟಿನ ಅಂಚಿನಲ್ಲಿ ಗಲ್ಲವಿಟ್ಟು ನನ್ನ ಕೋಣೆಯ ಬಾಗಿಲನ್ನು ಕೊನೆಯ ಬಾರಿಗೆಂಬಂತೆ ನೋಡಿದೆ. ಎಂಥ ಟೇಪು! ಎಷ್ಟು ನೀಟಾಗಿ ಅಂಟಿಸಿದ್ದೆ!

ಗೆದ್ದ ಮಾವನವರು ದೊಡ್ಡ ಮನಸ್ಸಿನವರು. ಬಾಡಿಗೆದಾರಳನ್ನು ಕೇಳದೆ ಮನೆ ಗೊತ್ತುಮಾಡುವವರಲ್ಲ. ನಾಮಿಕೊಳ ಕಡೆ ತಿರುಗಿ ಕೈಮುಗಿದರು.

"ಕುರಾಯಾಮಿ ತಾಯಿ, ಆ ಕೋಣೆ ಖಾಲಿಯಾಯ್ತು. ಬೆಳಗಿನ ಬಿಸಿಲು ಬೀಳುತ್ತೆ. ಅಕ್ಕತಂಗಿಯರನ್ನ ಕರ್ಕೊಂಡು ಬರ್ತೀಯಾ?"

ನಾಮಿಕೊ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು, ಕಪಾಟಿನಿಂದ ಹೊರಗೆ ಬಂದಿದ್ದ ನನ್ನ ತಲೆಯನ್ನೊಮ್ಮೆ.

"ಬರಲ್ಲ" ಎಂದಳು ಕತ್ತಲ ರಾಣಿ. "ಅಲ್ಲಿ ಒಬ್ಬ ಮನುಷ್ಯ ಇದಾನೆ. ನಂಗೆ ಭಯ."

ಮಾವನವರ ಬಾಯಿ ತೆರೆದೇ ಉಳಿಯಿತು. ಅಧ್ಯಕ್ಷರು ಮಾತ್ರ ಕರ್ತವ್ಯ ಮರೆಯಲಿಲ್ಲ. ನಮೂನೆಯಲ್ಲಿ ಉಳಿದಿದ್ದ ಖಾಲಿ ಸಾಲಿನ ಮೇಲೆ ಪೆನ್ನಿಟ್ಟು, ಗಂಭೀರವಾಗಿ ವಿಚಾರಿಸಿದರು: "ಹತ್ತಕ್ಕೆ ಎಷ್ಟು ಅಂತ ಬರ್ಕೊಳ್ಳಲಿ? ಕಾರಣವನ್ನೂ ಹೇಳ್ಬೇಕಾಗುತ್ತೆ. ಅವನಲ್ಲಿ ಅಂಥಾ ಭಯಂಕರ ಏನಿದೆ?"

"ಒಂಬತ್ತು ಬರ್ಕೊಳ್ಳಿ" ಎಂದಳು ಕುರಾಯಾಮಿ. "ನಂಗೆ ಎಂಟು ಕಾಲಿದೆ, ಅವನಿಗೆ ಎರಡೇ. ಆದ್ರೂ ನನಗಿಂತ ಬೇಗ ಗೋಡೆ ಏರ್ತಾನೆ."